ಏರದ ತೂಕ

೭ ಏಪ್ರಿಲ್, ಭಾನುವಾರ ಬೆಳಿಗ್ಗೆ

ನನ್ನ ಮೊಂಡ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಗಳೂ ಬಂದು ಸೇರಿವೆ. ಮೂರು ತಿಂಗಳಿಂದ ಒಂದು ಸಾಲೂ ಬರೆಯದೆ ಕೂತದ್ದಕ್ಕೆ ಮೊದಲೇ ಕಿವಿ ಹಿಡಿದುಕೊಂಡಿದ್ದೇನೆ, ಬೈಯಬೇಡ. ನಿನ್ನ ಹಡಗು ಮುಂದಿನ ಬಂದರು ಮುಟ್ಟುವ ಮೊದಲೇ ಈ ಕಾಗದ ಅಲ್ಲಿಯ ಏಜೆಂಟರ ಕಚೇರಿಯಲ್ಲಿ ಹೋಗಿ ಕೂತಿರಬೇಕು. ಅದಕ್ಕೇ ಎದುರಿಗಿರುವ ಕಾಫಿಯನ್ನೂ ಆರಲು ಬಿಟ್ಟು ಬರೆಯುತ್ತಿದ್ದೇನೆ. ನಿನ್ನ ಭಾವನವರು ಬಾಗಿಲಲ್ಲಿ ನಿಂತು, ಯಾರಿಗೆ ಇಷ್ಟುದ್ದ ಕಾಗದ ಎಂದು ಕೇಳಿ ಹೋದರು. ಹಡಗಿನವನಿಗೆ ಎಂದೆ. ಹಾಗಾದರೆ ಇವತ್ತು ತಿಂಡಿ ನನ್ನ ಪಾಲಿಗೆ ಬಿತ್ತು ಎಂದುಕೊಂಡು ಅಡುಗೆಮನೆಗೆ ನಡೆದರು. ಈಗ ಅಲ್ಲಿಂದ ಪಾತ್ರೆ ಬೀಳುವ ಸದ್ದು ಕೇಳುತ್ತಿದೆ.

ಮುಖ್ಯ ಸುದ್ದಿ ಮೊದಲು. ಗೆದ್ದೆವು ಕಣೋ. ಮೊನ್ನೆ ಶುಕ್ರವಾರ ಆಡಳಿತ ಮಂಡಳಿಯ ಸಭೆಯಲ್ಲಿ ಏಳು ಜನರಲ್ಲಿ ಆರು ಜನ ಕೈ ಎತ್ತಿದರು. ನಮ್ಮ ಹಾರ್ಟ್ ಫೇಲ್ಯೂರ್ ವಿಭಾಗ ಮುಚ್ಚುವುದಿಲ್ಲ. ಏಳನೆಯವರು ನಿದ್ದೆ ಮಾಡುತ್ತಿದ್ದರೆಂದು ನನ್ನ ಅನುಮಾನ, ಅದನ್ನು ವಿರೋಧವೆಂದು ಹಿಡಿಯುವಂತಿಲ್ಲ.

ಆಸ್ಪತ್ರೆಯ ಲೆಕ್ಕಪತ್ರ ನೋಡುವ ನಿನ್ನ ಅಕ್ಕನಿಗೂ ಹೃದಯಕ್ಕೂ ಏನು ಸಂಬಂಧ ಎಂದು ನೀನು ನಗುತ್ತೀಯ. ಅಲ್ಲಿಯ ಜನವೂ ಹಾಗೇ ನಗುತ್ತಿದ್ದರು. ಬೆನ್ನ ಹಿಂದೆ ನನಗೆ ಕತ್ತರಿ ಮೇಡಂ ಎಂದು ಹೆಸರು. ಯಾರು ಏನು ಕೇಳಿದರೂ ಕತ್ತರಿಸುತ್ತೇನಂತೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ.

ನಿನಗೆ ಎಂಜಿನ್ನಿನ ಭಾಷೆಯಲ್ಲೇ ಹೇಳುತ್ತೇನೆ. ಈ ವಿಭಾಗಕ್ಕೆ ಬರುವವರ ಹೃದಯ ನಿಂತಿರುವುದಿಲ್ಲ, ಸೋತಿರುತ್ತದೆ. ಪಂಪಿಗೆ ಕಸುವು ಸಾಲದೆ ಹೋದರೆ ಹಡಗಿನ ತಳದಲ್ಲಿ ನೀರು ನಿಲ್ಲುವುದಿಲ್ಲವೆ, ಹಾಗೆ ಇವರ ಕಾಲಿನಲ್ಲಿ, ಹೊಟ್ಟೆಯಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ಪಾಪ, ಇವರಿಗೆ ಎರಡಕ್ಕೂ ಅಳತೆ. ತೀರಾ ಕೈಮೀರಿದಾಗ ರಕ್ತವನ್ನು ಹೊರಗೆ ಎಳೆದು ಉಸಿರು ತುಂಬಿ ಒಳಗೆ ಕಳಿಸುವ ಯಂತ್ರವೊಂದಿದೆ. ಅದಕ್ಕೆ ಜೋಡಿಸಿದರೆ ಪಕ್ಕದಲ್ಲಿ ನುರಿತ ಸಿಸ್ಟರ್ ಒಬ್ಬರು ಹಗಲೂ ರಾತ್ರಿ ಕಣ್ಣು ಪಿಳುಕಿಸದೆ ಇರಬೇಕು. ಆ ಯಂತ್ರದ ಒಂದು ದಿನದ ಖರ್ಚಿನಲ್ಲಿ ಉಳಿದ ವಾರ್ಡುಗಳಲ್ಲಿ ಒಂದು ಸಾಲು ರೋಗಿಗಳನ್ನೇ ನೋಡಿಕೊಳ್ಳಬಹುದು.

ವಿಮಾ ಕಂಪನಿ ಒಂದು ಸಲದ ದಾಖಲಾತಿಗೆ ಇಷ್ಟು ಎಂದು ಕೊಡುತ್ತದೆ. ಅದೇ ರೋಗಿ ತಿಂಗಳೊಳಗೆ ಮತ್ತೆ ಬಂದರೆ ಕೈಯೆತ್ತಿ ಬಿಡುತ್ತದೆ, ನೀವು ಸರಿಯಾಗಿ ಗುಣಮಾಡಲಿಲ್ಲ, ನೀವೇ ಅನುಭವಿಸಿ ಎಂದು. ನಮ್ಮವರೋ, ಹೋದ ಹಾಗೆ ಮಾಡಿ ವಾಪಸು ಬರುತ್ತಿದ್ದರು. ಅದೂ ನಡೆದುಕೊಂಡಲ್ಲ, ಆಂಬ್ಯುಲೆನ್ಸಿನಲ್ಲಿ, ತುಟಿ ನೀಲಿಯಾಗಿ, ನೇರ ಯಂತ್ರಕ್ಕೆ. ಏಳು ವರ್ಷದಲ್ಲಿ ಆ ವಿಭಾಗ ಒಂದೇ ಒಂದು ವರ್ಷವೂ ತನ್ನ ಖರ್ಚನ್ನು ತಾನು ದುಡಿದಿರಲಿಲ್ಲ.

ಹಾಗಾಗಬಾರದೆಂದೇ ಅಲ್ಲಿ ಒಂದು ಏರ್ಪಾಡಿತ್ತು. ಮನೆಗೆ ಹೋದ ಪ್ರತಿಯೊಬ್ಬ ರೋಗಿಗೂ ತೂಕದ ಯಂತ್ರ ಕೊಡುವುದು, ದಿನಾ ಬೆಳಿಗ್ಗೆ ಅಲ್ಲಿಯ ಹಿರಿಯ ಸಿಸ್ಟರ್ ಫೋನು ಮಾಡಿ ಇವತ್ತು ಎಷ್ಟು ಎಂದು ಕೇಳುವುದು. ರಾತ್ರೋರಾತ್ರಿ ಒಂದೂವರೆ ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಆಗಲೇ ಕರೆಸಿ ಒಂದು ಇಂಜೆಕ್ಷನ್ ಕೊಟ್ಟರೆ ಸಂಜೆಯೊಳಗೆ ಇಳಿದುಹೋಗುತ್ತದೆ. ತಡವಾದರೆ ಆ ರಕ್ತದ ಯಂತ್ರ. ಎಷ್ಟು ಚೆಂದದ ಏರ್ಪಾಡು ನೋಡು. ಆದರೆ ಫೋನಿನಲ್ಲಿ ಎಲ್ಲರ ತೂಕವೂ ಸರಿಯಾಗಿಯೇ ಇರುತ್ತಿತ್ತು, ಆಂಬ್ಯುಲೆನ್ಸೂ ಬರುತ್ತಲೇ ಇತ್ತು.

ವಿಭಾಗದ ಮುಖ್ಯಸ್ಥರು ಗುಡುಗು ಡಾಕ್ಟರು. ಅವರು ಮೂರನೇ ಮಹಡಿಯಲ್ಲಿ ಗುಟ್ಟು ಹೇಳಿದರೆ ನೆಲಮಹಡಿಯ ಔಷಧದಂಗಡಿಗೆ ಕೇಳುತ್ತದೆ. ಅವರಿಗೆ ಹೊಳೆದ ಕಾರಣ, ತೂಕದ ಯಂತ್ರಗಳೇ ಸರಿಯಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅಷ್ಟೂ ರೋಗಿಗಳಿಗೆ ಹೊಸ ಯಂತ್ರ ತರಿಸಿಬಿಟ್ಟರು, ಹೆಚ್ಚು ಬೆಲೆಯದು, ದಶಮಾಂಶ ತೋರಿಸುವಂಥದ್ದು. ಬಿಲ್ಲು ನನ್ನ ಮೇಜಿಗೆ ಬಂತು. ನಾನು ಮೇಲೆ ಹತ್ತಿ ಹೋಗಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವರೂ ಗುಡುಗಿದರು. ಆ ಹೊಸ ಯಂತ್ರಗಳಲ್ಲೂ ಎಲ್ಲರ ತೂಕ ಸರಿಯಾಗಿಯೇ ಬಂತು.

ವರ್ಷಾಂತ್ಯದ ಲೆಕ್ಕ ನೋಡಿದ ಅಧ್ಯಕ್ಷರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯರೇ, ಆದರೆ ಗಾದೆಯಿಲ್ಲದೆ ಬಾಯಿ ತೆರೆಯುವವರಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಮುಚ್ಚುವ ಟಿಪ್ಪಣಿ ಬರೆದು ತನ್ನಿ ಎಂದರು. ಮುಚ್ಚಿದರೆ ವರ್ಷಗಟ್ಟಲೆ ಕಲಿತು ಪಳಗಿದ ಸಿಸ್ಟರುಗಳು ಚೆಲ್ಲಾಪಿಲ್ಲಿ. ಇನ್ನೊಂದು ಅಂಥ ವಿಭಾಗಕ್ಕೆ ಇಲ್ಲಿಂದ ಇಡೀ ದಿನದ ದಾರಿ, ಉಸಿರು ಕಟ್ಟಿದವರು ಅಷ್ಟು ದೂರ ತಲುಪುವುದಿಲ್ಲ. ಅದು ಗೊತ್ತಿದ್ದೂ ನಾನು ಸರಿ ಎಂದೆ. ಕತ್ತರಿಯ ಕೆಲಸ ಅದೇ ತಾನೆ.

ಟಿಪ್ಪಣಿಗೆ ಅಂಕಿಅಂಶ ಬೇಕಲ್ಲ, ಹಿರಿಯ ಸಿಸ್ಟರ್ ಹತ್ತಿರ ರೋಗಿಗಳ ತೂಕದ ದಾಖಲೆ ಕೇಳಿ ತರಿಸಿಕೊಂಡೆ. ಓದುತ್ತಾ ಓದುತ್ತಾ ನನಗೆ ನಗು ಬಂತು. ಒಬ್ಬ ರಿಟೈರ್ಡ್ ಬಸ್ ಕಂಡಕ್ಟರ್, ಇಡೀ ತಿಂಗಳು ಅರವತ್ತೆರಡು ಕೆಜಿ. ನಿನ್ನೆಯೂ ಅರವತ್ತೆರಡು, ಇವತ್ತೂ ಅರವತ್ತೆರಡು. ಆಮೇಲೆ ಒಂದು ದಿನ ಆಂಬ್ಯುಲೆನ್ಸಿನಲ್ಲಿ ಬಂದಾಗ ಎಪ್ಪತ್ತು. ಊಟ ಮಾಡುವ, ನೀರು ಕುಡಿಯುವ ಮನುಷ್ಯನ ತೂಕ ದಿನಕ್ಕಿಷ್ಟು ಆಚೀಚೆ ಆಗದೆ ಇರುತ್ತದೆಯೇ? ಅರ್ಧ ಆಯುಷ್ಯ ಬೇರೆಯವರ ಬಿಲ್ಲು ನೋಡುತ್ತಾ ಕಳೆದವಳು ನಾನು. ನಿಜವಾದ ಖರ್ಚು ಅಂಕುಡೊಂಕಾಗಿರುತ್ತದೆ. ಮನೆಯಲ್ಲಿ ಕೂತು ಬರೆದ ಖರ್ಚು ನುಣ್ಣಗಿರುತ್ತದೆ. ಯಂತ್ರ ಸರಿಯಾಗಿಯೇ ಇದೆ, ಜನ ಸುಳ್ಳು ಹೇಳುತ್ತಿದ್ದಾರೆ.

ಡಾಕ್ಟರಿಗೆ ಹೇಳಿದೆ, ನಂಬಲಿಲ್ಲ. ಸಾಯುವ ಕಾಯಿಲೆಯವರು ತಮ್ಮ ಪ್ರಾಣ ಉಳಿಸುವವರಿಗೇ ಯಾಕೆ ಸುಳ್ಳು ಹೇಳುತ್ತಾರೆ ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಕೇಳಲು ಹಿರಿಯ ಸಿಸ್ಟರನ್ನು ಕರೆದುಕೊಂಡು ಕಂಡಕ್ಟರ ಮನೆಗೆ ಹೋದೆ.

ಎರಡನೇ ಮಹಡಿ, ಕಿರಿದಾದ ಮೆಟ್ಟಿಲು, ಕೈಹಿಡಿ ಅಲ್ಲಾಡುತ್ತಿತ್ತು. ಮನುಷ್ಯ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದರು, ಕಾಲುಚೀಲ ಪಾದಕ್ಕೆ ಕಚ್ಚಿಕೊಂಡಿತ್ತು. ನಮ್ಮನ್ನು ನೋಡಿದ್ದೇ, ಮುಂದೆ ಹೋಗಿ ಮುಂದೆ ಹೋಗಿ, ಒಳಗೆ ಜಾಗ ಇದೆ ಎಂದು ಕೂಗಿದರು. ಕೆಲಸ ಬಿಟ್ಟರೂ ಬಾಯಿಯ ಅಭ್ಯಾಸ ಬಿಟ್ಟಿಲ್ಲ. ಸಿಸ್ಟರ್ ಯಂತ್ರ ತಂದು ಅವರ ಮುಂದಿಟ್ಟು, ಹತ್ತಿ ನೋಡೋಣ ಎಂದರು. ಅವರು ಹತ್ತಲಿಲ್ಲ, ಹೆಂಡತಿಯ ಮುಖ ನೋಡಿದರು. ಆಕೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹೇಳಿದ ಮಾತು ನನಗೆ ಇನ್ನೂ ಹಾಗೇ ಕೇಳುತ್ತಿದೆ.

"ಜಾಸ್ತಿ ಆಗಿದೆ ಅಂದ್ರೆ ನೀವು ಬನ್ನಿ ಅಂತೀರಿ. ಬಂದ್ರೆ ಬಾಗಿಲಲ್ಲೇ ದುಡ್ಡು ಕಟ್ಟಬೇಕು. ಹೋದ ಸಲದ್ದೇ ಇನ್ನೂ ತೀರಿಲ್ಲಮ್ಮ. ಎರಡು ದಿನ ಸುಮ್ಮನಿದ್ರೆ ತಾನಾಗೇ ಇಳಿಯುತ್ತೇನೋ ಅಂತ ನೋಡ್ತೀವಿ."

ಅಷ್ಟೇ ಕಣೋ. ದಾಖಲಾಗುವ ಪ್ರತಿ ಸಲವೂ ರೋಗಿಯ ಪಾಲು ಎಂದು ಮುಂಗಡ ಕಟ್ಟಿಸಿಕೊಳ್ಳುವುದು ಆಸ್ಪತ್ರೆ ಹುಟ್ಟಿದ ದಿನದಿಂದ ಇರುವ ಪದ್ಧತಿ. ಕಾಲು ಮುರಿದವನಿಗೆ ಅದು ಸರಿ, ಕಾಲು ಒಮ್ಮೆ ಮುರಿಯುತ್ತದೆ. ಇವರಿಗೆ ತಿಂಗಳು ತಿಂಗಳೂ. ಆ ಚೂರು ಮುಂಗಡ ಉಳಿಸಿಕೊಳ್ಳಲು ಅವರು ಕಾಯುತ್ತಾರೆ, ಕಾದು ನಮ್ಮ ಯಂತ್ರಕ್ಕೆ ಬರುತ್ತಾರೆ, ಆ ಖರ್ಚು ನಮ್ಮ ತಲೆಗೆ. ಬಾಗಿಲಲ್ಲಿ ಹಿಡಿ ಕಾಳು ವಸೂಲು ಮಾಡಿ ಹಿತ್ತಿಲಲ್ಲಿ ಮೂಟೆಗಟ್ಟಲೆ ಸುರಿಯುತ್ತಿದ್ದೆವು. ಸಿಸ್ಟರ್ ಮೆಟ್ಟಿಲು ಇಳಿಯುವಾಗ ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ, ಎಲ್ಲಿಲ್ಲದ ಸಿಟ್ಟು ಬಂತು. ಕಂಡಕ್ಟರನ್ನು ಅವತ್ತೇ ನಮ್ಮ ಗಾಡಿಯಲ್ಲೇ ಕೂರಿಸಿಕೊಂಡು ಹೋದೆವು, ಮುಂಗಡ ನಾನು ಕಟ್ಟಿದೆ. ನಿನ್ನ ಭಾವನಿಗೆ ಹೇಳಿಲ್ಲ.

ಮುಚ್ಚುವ ಟಿಪ್ಪಣಿಯ ಬದಲು ಬೇರೆಯದೇ ಬರೆದುಕೊಂಡು ಅಧ್ಯಕ್ಷರ ಮುಂದೆ ನಿಂತೆ. ಈ ವಿಭಾಗದವರಿಗೆ ಮುಂಗಡ ಬೇಡ. ನಾಲ್ಕು ಕುರ್ಚಿ ಹಾಕಿ ಒಂದು ಕೋಣೆ ಮಾಡೋಣ, ತೂಕ ಏರಿದ ದಿನವೇ ಬಂದು ಇಂಜೆಕ್ಷನ್ ತೆಗೆದುಕೊಂಡು ಸಂಜೆ ಮನೆಗೆ ಹೋಗಲಿ. ವಿಮೆಯವರು ದಾಖಲಾತಿಗೆ ಇಷ್ಟು ಎಂದು ಕೊಡುವುದು ಬಿಟ್ಟು, ಒಬ್ಬ ರೋಗಿಗೆ ವರ್ಷಕ್ಕೆ ಇಷ್ಟು ಎಂದು ಕೊಡಲಿ. ಅವರು ಮತ್ತೆ ಹಾಸಿಗೆಯ ಗಾದೆ ತೆಗೆದರು. ನನಗೂ ತಡೆಯಲಾಗಲಿಲ್ಲ.

"ಹಾಸಿಗೆ ಬೇಕಾದಷ್ಟಿದೆ ಸಾರ್," ಎಂದೆ. "ಅದಕ್ಕೆ ಬರೋಕೆ ಜನ ಬಾಗಿಲಿಗೆ ಹೆದರ್ತಿದ್ದಾರೆ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂರು ತಿಂಗಳು ಕೊಡುತ್ತೇನೆ, ಅಷ್ಟರಲ್ಲಿ ಆಗದಿದ್ದರೆ ಮುಚ್ಚುವ ಟಿಪ್ಪಣಿಯನ್ನು ನೀವೇ ಓದಬೇಕು ಎಂದರು. ವಿಮಾ ಕಂಪನಿಯ ಅಧಿಕಾರಿಯೂ ಪ್ರಯೋಗಕ್ಕೆಂದು ಅಷ್ಟೇ ಕಾಲಕ್ಕೆ ಒಪ್ಪಿದ. ಪೆನ್ಸಿಲ್ಲಿನಷ್ಟು ತೆಳ್ಳಗಿದ್ದಾನೆ, ಹಾಗೇ ಚೂಪು. ಅದಕ್ಕೇ ನಾನು ನಿನಗೆ ಮೂರು ತಿಂಗಳು ಬರೆಯಲಿಲ್ಲ, ಈಗ ಗೊತ್ತಾಯಿತೇ?

ಹಳೆಯ ಕಡತದ ಕೋಣೆ ಖಾಲಿ ಮಾಡಿಸಿ, ಕಣ್ಣಿನ ವಿಭಾಗದವರು ಮೂಲೆಗೆ ಎಸೆದಿದ್ದ ಒರಗುಕುರ್ಚಿಗಳನ್ನು ಹೊಲಿಸಿ ಹಾಕಿಸಿದೆ. ಗುಡುಗು ಡಾಕ್ಟರು ಬಂದು ನೋಡಿ, ಇದೇನು ಕ್ಷೌರದಂಗಡಿಯೋ ಎಂದರು. ಸಾಲದ್ದಕ್ಕೆ ಕತ್ತರಿಯೂ ಇದೆ ಎಂದು ಸೇರಿಸಿದರು. ಅಂದರೆ ಅವರಿಗೂ ಆ ಹೆಸರು ಗೊತ್ತು.

ಹಿರಿಯ ಸಿಸ್ಟರ್ ಒಬ್ಬೊಬ್ಬರಿಗೂ ಫೋನು ಮಾಡಿ, ಇನ್ನು ಬಾಗಿಲಲ್ಲಿ ಏನೂ ಕಟ್ಟಬೇಕಿಲ್ಲ ಎಂದು ತಿಳಿಸಿದರು. ಒಂದು ವಾರ ಯಾರೂ ನಂಬಲಿಲ್ಲ. ಆಮೇಲೆ ಕಂಡಕ್ಟರು ಬಂದು, ಇಂಜೆಕ್ಷನ್ ತೆಗೆದುಕೊಂಡು, ನಿಜವಾಗಿಯೂ ಬರಿಗೈಯಲ್ಲಿ ಮನೆಗೆ ಹೋದರು. ಆ ಮನುಷ್ಯನ ಬಾಯಿ ಒಂದು ರೇಡಿಯೋ ಸ್ಟೇಷನ್. ಮರುವಾರದಿಂದ ಫೋನಿನಲ್ಲಿ ತೂಕ ಏರತೊಡಗಿತು. ಒಬ್ಬರದ್ದು ಎರಡು ಕೆಜಿ, ಇನ್ನೊಬ್ಬರದ್ದು ಮೂರು. ಡಾಕ್ಟರು ಹಾಳೆ ಹಿಡಿದು ನನ್ನ ಕೋಣೆಗೆ ನುಗ್ಗಿ, ನಿಮ್ಮ ಯೋಜನೆ ಶುರುವಾದ ಮೇಲೆ ಎಲ್ಲರೂ ಕೆಟ್ಟುಹೋಗಿದ್ದಾರೆ ಎಂದು ಗುಡುಗಿದರು.

"ಕೆಟ್ಟಿಲ್ಲ ಡಾಕ್ಟ್ರೇ," ಎಂದೆ. "ಈಗ ನಿಜ ಹೇಳ್ತಿದ್ದಾರೆ."

ಆ ಮನುಷ್ಯ ಹಾಳೆಯ ಅಂಕಿಗಳ ಮೇಲೆ ಬೆರಳಾಡಿಸಿದರು. ಆಮೇಲೆ ಎದುರಿನ ಕುರ್ಚಿಯಲ್ಲಿ ಕೂತು, ಮೊದಲ ಸಲ ಮೆಲ್ಲಗೆ ಮಾತಾಡಿದರು. ಇಷ್ಟು ವರ್ಷ ನಾನು ಅವರಿಗೆ ಉಪ್ಪು ತಿನ್ನುತ್ತೀರಿ ಎಂದು ಬೈಯುತ್ತಿದ್ದೆನಲ್ಲ ಎಂದರು. ನಾನು ಕಾಫಿ ತರಿಸಿದೆ. ಸಕ್ಕರೆ ಹಾಕಿಕೊಳ್ಳುವುದನ್ನೂ ಮರೆತು ಕುಡಿದರು.

ಕುರ್ಚಿಗಳು ತುಂಬಿದವು, ಯಂತ್ರಗಳಿಗೆ ಕೆಲಸ ಕಡಿಮೆಯಾಯಿತು. ಎಲ್ಲರೂ ಉಳಿದರು ಎಂದು ಬರೆದರೆ ಸುಳ್ಳಾಗುತ್ತದೆ. ಆ ಮೂರು ತಿಂಗಳಲ್ಲಿ ನಾಲ್ಕು ಜನ ಹೋದರು, ಸೋತ ಹೃದಯ ಕೆಲವೊಮ್ಮೆ ಯಾರ ಮಾತೂ ಕೇಳುವುದಿಲ್ಲ. ಆದರೆ ನೀಲಿ ತುಟಿಯಲ್ಲಿ ಬರುವವರು ಅರ್ಧಕ್ಕಿಂತ ಕಡಿಮೆಯಾದರು. ಐಸಿಯುವಿನಲ್ಲಿ ಹಾಸಿಗೆಗಳು ಖಾಲಿ ಕಾಣತೊಡಗಿದವು. ಅಧ್ಯಕ್ಷರು ಬಂದು ನೋಡಿ ಎದೆ ಹಿಡಿದುಕೊಂಡರು, ಖಾಲಿ ಹಾಸಿಗೆ ಅಂದರೆ ನಷ್ಟ ಎಂದು. ಅವರ ತಪ್ಪಲ್ಲ, ಆಸ್ಪತ್ರೆ ನಡೆಸುವವರೆಲ್ಲ ಹಾಗೇ ಯೋಚಿಸಿ ರೂಢಿ. ವರ್ಷದ ದುಡ್ಡು ಮೊದಲೇ ಕೈಗೆ ಬಂದಿದ್ದರೆ ಆ ಹಾಸಿಗೆ ಖಾಲಿ ಇದ್ದಷ್ಟೂ ನಮಗೇ ಉಳಿತಾಯ ಎಂದು ಬಿಡಿಸಿ ಹೇಳಲು ನನಗೆ ಒಂದಿಡೀ ಮಧ್ಯಾಹ್ನ ಬೇಕಾಯಿತು.

ಮೊನ್ನೆಯ ಸಭೆಗೆ ಆ ವಿಮೆಯ ಪೆನ್ಸಿಲ್ ಕೂಡ ಬಂದಿದ್ದ. ಖರ್ಚು ಇಳಿದದ್ದನ್ನು ನೋಡಿ, ಹಾಗಾದರೆ ನಾವು ಕೊಡುವ ವರ್ಷದ ದುಡ್ಡನ್ನೂ ಮೂರರಲ್ಲಿ ಒಂದು ಪಾಲು ಇಳಿಸಿ ಎಂದ. ಹೇಗಿದೆ ನೋಡು, ಗಿಡ ನೆಟ್ಟವರು ನಾವು, ಹಣ್ಣಿಗೆ ಬುಟ್ಟಿ ಹಿಡಿದವನು ಅವನು. ಅಧ್ಯಕ್ಷರಿಗೆ ಗಾದೆ ಕೂಡ ಸಿಗಲಿಲ್ಲ. ಇಳಿಸಿದರೆ ಸಿಸ್ಟರುಗಳ ಸಂಬಳವೇ ಹುಟ್ಟುವುದಿಲ್ಲ ಎಂದು ನನಗೆ ಗೊತ್ತು, ಡಾಕ್ಟರಿಗೆ ಗೊತ್ತು. ಅವರು ಗುಡುಗಲು ಎದ್ದರು, ನಾನು ಅವರ ಕೋಟಿನ ಅಂಚು ಹಿಡಿದು ಕೂರಿಸಿದೆ.

"ಆಗಲಿ ಸಾರ್, ಒಂದು ಪೈಸೆಯೂ ಕೊಡಬೇಡಿ," ಎಂದೆ. "ನಾಳೆಯಿಂದ ಬಾಗಿಲಲ್ಲಿ ಮುಂಗಡ ಮತ್ತೆ ಶುರು ಮಾಡ್ತೀವಿ. ಜನ ಮತ್ತೆ ಸುಳ್ಳು ಹೇಳ್ತಾರೆ, ಮತ್ತೆ ಆಂಬ್ಯುಲೆನ್ಸಲ್ಲಿ ಬರ್ತಾರೆ. ತಿಂಗಳೊಳಗೆ ಬಂದವರದ್ದು ನಮ್ಮ ತಲೆಗೆ, ತಿಂಗಳು ಕಳೆದು ಬಂದವರ ಯಂತ್ರದ ಬಿಲ್ಲು ಯಾರಿಗೆ ಬರುತ್ತೆ, ನೀವೇ ಲೆಕ್ಕ ಹಾಕಿ."

ಅವನು ಲೆಕ್ಕ ಹಾಕಿದ. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಪಕ್ಕದಲ್ಲಿದ್ದ ಡಾಕ್ಟರು ನನ್ನ ನಾಡಿ ಹಿಡಿಯದಿದ್ದದ್ದು ಪುಣ್ಯ. ಹಾಳೆಯ ಮೇಲೆ ಏನೋ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಕೊನೆಗೆ, ಮೂರು ವರ್ಷಕ್ಕೆ ಇದೇ ದರ, ಇಳಿಸುವುದಿಲ್ಲ ಎಂದು ಬಾಯಿಬಿಟ್ಟ. ಆಮೇಲೆ ಆರು ಕೈ ಎದ್ದವು.

ತಮ್ಮಾ, ಆ ವಿಭಾಗ ಹುಟ್ಟಿದ ಮೇಲೆ ಮೊದಲ ಸಲ ಒಂದು ತ್ರೈಮಾಸಿಕದಲ್ಲಿ ತನ್ನ ಖರ್ಚು ಕಳೆದು ಚೂರು ಉಳಿಸಿದೆ. ಉಳಿದದ್ದನ್ನು ಕತ್ತರಿಸಿ ಆಸ್ಪತ್ರೆಯ ಖಜಾನೆಗೆ ಹಾಕುತ್ತೇನೆ ಎಂದು ಎಲ್ಲರೂ ಕಾಯುತ್ತಿದ್ದರು. ಇನ್ನೂ ನಾಲ್ಕು ಕುರ್ಚಿ, ಇನ್ನಿಬ್ಬರು ಸಿಸ್ಟರುಗಳಿಗೆ ಯಂತ್ರದ ತರಬೇತಿ ಎಂದು ಬರೆದು ಕೊಟ್ಟೆ. ಸಭೆ ಮುಗಿದು ಹೊರಗೆ ಬಂದರೆ ಮೂರನೇ ಮಹಡಿಯ ಓಣಿಯಲ್ಲಿ ಸಿಸ್ಟರುಗಳೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದ ಡಾಕ್ಟರು ಅಲ್ಲಿ ಗುಡುಗಿದರು, ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತು. ಕುರ್ಚಿಯಲ್ಲಿ ಇಂಜೆಕ್ಷನ್ ಏರಿಸಿಕೊಳ್ಳುತ್ತಿದ್ದ ಕಂಡಕ್ಟರು ಒಳಗಿನಿಂದಲೇ ರೈಟ್, ರೈಟ್ ಎಂದು ಕೂಗಿದರು. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಇಷ್ಟು ವರ್ಷ ದುಡಿದು ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಂಡರೆ ಅಂದುಕೋ. ಅಕ್ಕ ಗೆದ್ದದ್ದನ್ನು ತಮ್ಮನಿಗೆ ಹೇಳದೆ ಇನ್ಯಾರಿಗೆ ಹೇಳಲಿ?

ಇಲ್ಲಿ ಉಳಿದಂತೆ ಎಲ್ಲ ಕ್ಷೇಮ. ನಿನ್ನ ಭಾವನವರ ಮಂಡಿನೋವು ಮಾತಾಡಲು ಜನ ಸಿಕ್ಕಾಗ ಮಾತ್ರ ಹೆಚ್ಚಾಗುತ್ತದೆ. ನನ್ನ ಮಗಳು ನಿನ್ನ ಹಳೆಯ ಸೈಕಲ್ಲಿಗೆ ಬಣ್ಣ ಹೊಡೆದು ಓಡಿಸುತ್ತಿದ್ದಾಳೆ, ಮಾವ ಬಂದರೆ ವಾಪಸು ಕೊಡುವುದಿಲ್ಲವಂತೆ. ಎಂಜಿನ್ ಕೋಣೆಯ ಶಾಖದಲ್ಲಿ ನೀರು ಚೆನ್ನಾಗಿ ಕುಡಿ, ನಿನಗೆ ಯಾವ ಅಳತೆಯೂ ಇಲ್ಲ. ಈ ಸಲದ ಕರಾರು ಮುಗಿದ ಮೇಲೆ ಇನ್ನೊಂದಕ್ಕೆ ಸಹಿ ಹಾಕುವ ಮೊದಲು ನನ್ನನ್ನು ಒಂದು ಮಾತು ಕೇಳು. ಸಮುದ್ರ ನಿನ್ನನ್ನು ಕಾಪಾಡಲಿ, ಕಾಲಕಾಲಕ್ಕೆ ಊಟ ನಿದ್ದೆ ಸಿಗಲಿ, ತಲೆಗೂದಲು ಇನ್ನಷ್ಟು ಉದುರದಿರಲಿ.

ಇಂತಿ ನಿನ್ನ ಒಳ್ಳೆಯದನ್ನೇ ಬಯಸುವ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಸಭೆಯ ನಂತರ ಅಧ್ಯಕ್ಷರು, ಜನ ಸುಳ್ಳು ಹೇಳುತ್ತಾರೆಂದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಅಂಕಿ ನುಣ್ಣಗಿತ್ತು ಎಂದೆ. ಅದು ಪೂರ್ತಿ ನಿಜವಲ್ಲ.

ಆರು ವರ್ಷದ ಹಿಂದೆ ಅಮ್ಮ ತೀರಿಕೊಂಡು ಕಾರ್ಯವೆಲ್ಲ ಮುಗಿದ ಮೇಲೆ ನೀನು ಹಡಗಿಗೆ ವಾಪಸು ಹೊರಡುತ್ತಾ ಬಾಗಿಲಲ್ಲಿ ನಿಂತು ಕೇಳಿದೆ, ದಿನಾ ತೂಕ ನೋಡುತ್ತಿದ್ದೆಯಲ್ಲ ಅಕ್ಕಾ, ಎದೆಯಲ್ಲಿ ನೀರು ತುಂಬಿದ್ದು ಮೊದಲೇ ಯಾಕೆ ತಿಳಿಯಲಿಲ್ಲ ಎಂದು. ನನಗೂ ಗೊತ್ತಿರಲಿಲ್ಲ. ನೀನು ಆಮೇಲೆ ಬರಲೇ ಇಲ್ಲ.

ನೀನು ಹೋದ ವಾರ ಅಮ್ಮನ ಕೋಣೆ ಗುಡಿಸಿದೆ. ಆಗ ನಾನು ಈ ಆಸ್ಪತ್ರೆಗೆ ಇನ್ನೂ ಸೇರಿರಲಿಲ್ಲ. ನೀನು ಬಂದರಿನಿಂದ ತಂದುಕೊಟ್ಟ ತೂಕದ ಯಂತ್ರ ಕಿಟಕಿಯ ಕೆಳಗೇ ಇತ್ತು. ಅಮ್ಮ ದಿನಾ ಬೆಳಿಗ್ಗೆ ಅದರ ಮೇಲೆ ನಿಂತು, ತಲೆ ಸುತ್ತುತ್ತೆ, ಹಿಡ್ಕೊಂಡಿರ್ತೀನಿ ಎಂದು ಕಿಟಕಿಯ ಅಂಚಿಗೆ ಕೈಯೂರುತ್ತಿದ್ದಳು. ನಾನು ಬಗ್ಗಿ ಮುಳ್ಳು ನೋಡಿ ನಿನಗೆ ಬರೆಯುತ್ತಿದ್ದೆ, ತೂಕ ಏರಿಲ್ಲ, ಚಿಂತೆ ಬೇಡ ಎಂದು. ಅವತ್ತು ನೋಡಿದರೆ ಆ ಅಂಚಿನಲ್ಲಿ ಒಂದು ಅಂಗೈಯಗಲ ಬಣ್ಣ ಸವೆದುಹೋಗಿತ್ತು. ನಾನು ಯಂತ್ರದ ಮೇಲೆ ನಿಂತು ಅಲ್ಲೇ ಕೈಯಿಟ್ಟು ಒತ್ತಿದೆ. ಮುಳ್ಳು ಮೂರು ಕೆಜಿ ಇಳಿಯಿತು.

ಅಮ್ಮ ಆಸ್ಪತ್ರೆಗೆ ಸೇರಿದಾಗಲೆಲ್ಲ ನೀನು ಮನೆಗೆ ಬರುವುದು ಬಿಟ್ಟು ಇನ್ನೊಂದು ಕರಾರಿಗೆ ಸಹಿ ಹಾಕಿ ದುಡ್ಡು ಕಳಿಸುತ್ತಿದ್ದೆ. ತೂಕ ಮುಚ್ಚಿಟ್ಟು ಅವಳು ಅದನ್ನು ತಡೆಯುತ್ತಿದ್ದಳು, ಅಷ್ಟೇ. ನಿನಗೆ ತಿಳಿದರೆ ನೋಯುತ್ತೀಯ ಎಂದು ಆರು ವರ್ಷ ಹೇಳಲಿಲ್ಲ. ಶುಕ್ರವಾರ ಅವರು ಚಪ್ಪಾಳೆ ತಟ್ಟುವಾಗ, ಇದನ್ನು ನಾನೊಬ್ಬಳೇ ಇಟ್ಟುಕೊಳ್ಳಲಾರೆ ಅನ್ನಿಸಿತು. ದುಡ್ಡು ಕಳಿಸಿದ್ದು ನಿನ್ನ ತಪ್ಪಲ್ಲ ತಮ್ಮಾ, ಅವಳು ನಿನ್ನನ್ನು ನೋಡಬೇಕೆಂದದ್ದೂ ತಪ್ಪಲ್ಲ.

ಕಿಟಕಿಗೆ ಬಣ್ಣ ಹೊಡೆಸೋಣ ಎಂದು ನಿನ್ನ ಭಾವನವರು ಪ್ರತಿ ವರ್ಷ ಹೇಳುತ್ತಾರೆ. ನೀನು ಬಂದು ನೋಡುವವರೆಗೆ ಬೇಡ ಎಂದಿದ್ದೇನೆ.